ಸುಳ್ಳು ಟಕ್ಕಿಗೆ ಕೆಂಪು ದಾರ

ಬೆಳಗಿನ ಐದೂವರೆ. ಗ್ಯಾರೇಜಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಬ್ಬರು ಮಣೆಯ ಮೇಲೆ ಕುಳಿತು ಬೈಕಿನ ಪಕ್ಕೆಗೆ ಅಂಗೈ ಒತ್ತುತ್ತಿದ್ದಾರೆ. ಟಕ್. ಅಂಗೈ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಟಕ್. ಆಮೇಲೆ ಕೆಳಕ್ಕೆ. ಟಕ್. ಸೀಟಿನ ಕೆಳಗಿನ ಕಪ್ಪು ಪ್ಯಾನಲ್ ತನ್ನ ಜಾಗದಲ್ಲಿ ಕೂರುತ್ತದೆ. ಬೈಕಿನ ಯಜಮಾನರು ಮನೆಮನೆಗೆ ಪೇಪರ್ ಹಾಕುವವರು, ಅವರಿಗೆ ಆಗಲೇ ಹೊತ್ತಾಗಿದೆ. ಕಿಕ್ ಹೊಡೆಯಲು ಕಾಲೆತ್ತಿಬಿಡುತ್ತಾರೆ.

"ತಡಿಯಪ್ಪಾ, ಎಲ್ಲಿಗೆ ಓಡ್ತೀಯಾ? ದಾರ ಎಳೆದಿಲ್ಲ ಇನ್ನೂ."

ಪ್ಯಾನಲ್ಲಿನ ಅಂಚಿನಲ್ಲಿ ಮೂರು ಕಡೆ ಕೆಂಪು ದಾರದ ತುದಿ ಇಣುಕುತ್ತಿದೆ. ಮಣೆಯ ಮೇಲಿನವರು ಮೊದಲನೆಯದನ್ನು ಎಳೆಯುತ್ತಾರೆ, ಹರಿಯುತ್ತದೆ. ಎರಡನೆಯದೂ ಹರಿಯುತ್ತದೆ. ಮೂರನೆಯದು ಮಾತ್ರ ಸಲೀಸಾಗಿ, ಹರಿಯದೆ, ಉದ್ದಕ್ಕೆ ಈಚೆ ಬಂದುಬಿಡುತ್ತದೆ. "ಸುಳ್ಳು ಟಕ್," ಎನ್ನುತ್ತಾರೆ ಅವರು. ಪೇಪರಿನವರೂ ನಾನೂ ಮುಖ ಮುಖ ನೋಡಿಕೊಳ್ಳುತ್ತೇವೆ. ಮೂರು ಟಕ್ ನಮ್ಮಿಬ್ಬರ ಕಿವಿಗೂ ಸರಿಯಾಗಿಯೇ ಬಿದ್ದಿದ್ದವು! ಪ್ಯಾನಲ್ ಬಿಚ್ಚಿ ನೋಡಿದರೆ ಕೆಳಗಿನ ರಬ್ಬರ್ ಬುಷ್ ಸೀಳಿದೆ.

ಇವರು ಟಕ್ ಮಾವ. ಈ ಬೀದಿಯಲ್ಲಿ ಬೈಕ್ ಇರುವವರಿಗೆಲ್ಲ ಇವರು ಮಾವ, ಅವರ ಮಕ್ಕಳಿಗೂ ಮಾವ. ಬ್ಯಾಟರಿ ನೋಡಲು, ಫಿಲ್ಟರ್ ತೆಗೆಯಲು ಮೆಕ್ಯಾನಿಕ್‌ಗಳು ಪಕ್ಕದ ಪ್ಯಾನಲ್ ಬಿಚ್ಚುತ್ತಾರಲ್ಲ, ಅದನ್ನು ಮರಳಿ ಕೂರಿಸುವುದಷ್ಟೇ ಮಾವನ ಕೆಲಸ. ಅಷ್ಟೇನಾ ಎಂದು ಮೂಗು ಮುರಿಯಬೇಡಿ. ನಾನೂ ಮುರಿದವಳೇ. ಎಡಗಡೆಯ ಪ್ಯಾನಲ್ಲಿಗೆ ಗೋಣಿದಾರ ಸುತ್ತಿದ್ದ ಬೈಕಿನಲ್ಲೇ ಇವರ ಬಗ್ಗೆ ಬರೆಯಲೆಂದು ಮಾತಾಡಿಸಲು ಬಂದಿದ್ದೆ. ಅದನ್ನು ಕಂಡವರೇ ಮಾವ, "ಏನಮ್ಮಾ ಇದು, ಬೈಕಾ ಸೌದೆ ಹೊರೆಯಾ?" ಎಂದು ಎಲ್ಲರೆದುರು ನನ್ನ ಮಾನ ಕಳೆದರು.

ಪ್ಯಾನಲ್ಲಿನ ಒಳಬದಿಯಲ್ಲಿ ಬೆರಳ ತುದಿಯಷ್ಟು ದಪ್ಪದ ಮೂರು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಗ್ಯಾರೇಜಿನವರು ಅವನ್ನು ಕಿವಿ ಎನ್ನುತ್ತಾರೆ. ಬೈಕಿನ ಚೌಕಟ್ಟಿನಲ್ಲಿ ನಡುವೆ ತೂತಿರುವ ಮೂರು ರಬ್ಬರ್ ಬುಷ್‌ಗಳು. ಕಿವಿ ಬುಷ್‌ನೊಳಗೆ ಪೂರ್ತಿ ಇಳಿದರೆ ಪ್ಯಾನಲ್ ಗಟ್ಟಿ. ಬುಷ್‌ನ ಅಂಚಿಗೆ ಸಿಕ್ಕಿಕೊಂಡರೂ ಟಕ್ ಎನ್ನುತ್ತದೆ, ಆದರೆ ಒಳಗಿಳಿದಿರುವುದಿಲ್ಲ. ಅದೇ ಸುಳ್ಳು ಟಕ್. ನಾಲ್ಕು ಹೊಂಡ ಹಾರುವವರೆಗೆ ಪ್ಯಾನಲ್ ಸುಮ್ಮನಿದ್ದು, ಐದನೆಯದಕ್ಕೆ ಹಾರಿ ಹಿಂದೆ ಬರುವವರ ಮೇಲೆ ಬೀಳುತ್ತದೆ.

ಮಾವನ ಪಕ್ಕದಲ್ಲಿ ಸಾಬೂನು ನೀರಿನ ಡಬ್ಬಿಯಿದೆ. ರಬ್ಬರಿಗೆ ಎಣ್ಣೆ ಹಚ್ಚಿದರೆ ಸುಲಭವಾಗಿ ಜಾರುತ್ತದೆ, ಆದರೆ ತಿಂಗಳೊಪ್ಪತ್ತಿನಲ್ಲಿ ಬುಷ್ ಉಬ್ಬಿ ಹಾಳಾಗುತ್ತದಂತೆ. ಸೆಟೆದುಕೊಂಡ ಬುಷ್‌ಗಳು ಬಿಸಿನೀರಿನ ಲೋಟದಲ್ಲಿ ಮೆತ್ತಗಾಗುತ್ತಿರುತ್ತವೆ. ಒಮ್ಮೆ ಗ್ಯಾರೇಜ್ ಯಜಮಾನರು ಟೀ ಎಂದುಕೊಂಡು ಆ ಲೋಟವನ್ನೇ ಎತ್ತಿ ಗುಟುಕರಿಸಿದ್ದರು. "ಸಕ್ಕರೆ ಕಮ್ಮಿ ಅಂದ್ರಮ್ಮಾ! ಬುಷ್ ಬಾಯಿಗೆ ಸಿಕ್ಕಿದ ಮೇಲೇ ಗೊತ್ತಾಗಿದ್ದು," ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪ್ಯಾನಲ್ಲಿನ ನಡುವೆ ಗುದ್ದುವವರನ್ನು ಕಂಡರೆ ಮಾತ್ರ ಇವರಿಗೆ ಮೈಯೆಲ್ಲ ಉರಿಯುತ್ತದೆ. "ಕಿವಿ ಎಲ್ಲಿದೆಯೋ ಅಲ್ಲೇ ಅಂಗೈ ಇಟ್ಟು ಒತ್ತಬೇಕು. ಗುದ್ದಿದ್ರೆ ಕಿವಿ ಮುರಿಯುತ್ತೆ. ಕಿವಿ ಹೋಯ್ತು ಅಂದ್ರೆ ಗುಜರಿ."

ದಿನಕ್ಕೆ ಮೂವತ್ತು ಬೈಕು, ಎರಡೂ ಪಕ್ಕೆ ಸೇರಿ ಅರವತ್ತು ಪ್ಯಾನಲ್, ಒಂದೊಂದಕ್ಕೆ ಮೂರು ಕಿವಿ. ನೂರ ಎಂಬತ್ತು ಟಕ್. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಇಪ್ಪತ್ತನಾಲ್ಕು ವರ್ಷ ಮಾವ ನಿಜದ ಟಕ್ಕನ್ನೂ ಸುಳ್ಳು ಟಕ್ಕನ್ನೂ ಕೇಳಿಯೇ ಬೇರೆ ಮಾಡಿದವರು. ನಿಜದ್ದು ತುಸು ಮಂದ, ಸುಳ್ಳಿನದು ತುಸು ಚೂಪು. ನಮ್ಮಂಥವರಿಗೆ ಎರಡೂ ಒಂದೇ.

ಎರಡು ವರ್ಷದಿಂದ ಮಾವನಿಗೂ ಎರಡೂ ಒಂದೇ ಆಗಿವೆ. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳಿಸುತ್ತದೆ, ಸಣ್ಣ ಸದ್ದು ಕೇಳಿಸುವುದಿಲ್ಲ. ಟೀ ಕುಡಿಯುತ್ತೀರಾ ಎಂದು ನಾನು ಕೇಳಿದ್ದಕ್ಕೆ "ಇಪ್ಪತ್ತಾರು ವರ್ಷ" ಎಂದಿದ್ದರು. "ಪ್ಯಾನಲ್ ಕಿವಿ ಕೂರಿಸ್ತಾ ಕೂರಿಸ್ತಾ ನನ್ನ ಕಿವಿನೇ ಕೈಕೊಡ್ತು ನೋಡಿ," ಎಂದು ಅವರೇ ತಮಾಷೆ ಮಾಡುತ್ತಾರೆ. ಆದರೆ ಆ ತಮಾಷೆಯ ಹಿಂದೆ ಇರುವುದನ್ನು ಹೇಳುವಾಗ ದನಿ ಇಳಿಯುತ್ತದೆ.

ನಾಲ್ಕು ತಿಂಗಳ ಹಿಂದೆ ಮಾವ ಕೂರಿಸಿದ ಪ್ಯಾನಲ್ ಒಂದು ರಸ್ತೆಯಲ್ಲಿ ಹಾರಿತು. ಹಿಂದಿನ ಬೈಕಿನಲ್ಲಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದರು. ಬಿದ್ದು ಬಲ ಮಣಿಕಟ್ಟು ಮುರಿಯಿತು. ಯಾರು ಕೂರಿಸಿದ್ದೆಂದು ಯಾರೂ ಕೇಳಿರಲಿಲ್ಲ. ಸುಮ್ಮನಿರಿ ಎಂದು ಗ್ಯಾರೇಜ್ ಯಜಮಾನರೂ ಹೇಳಿದ್ದರು. ಮಾವ ಕೇಳಲಿಲ್ಲ. ಸೀದಾ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ಕೈಕಟ್ಟಿ ನಿಂತು, ಕೂರಿಸಿದವನು ನಾನೇ, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದರು.

"ಕಿವಿ ಕೇಳಿಸದಿದ್ರೆ ಈ ಕೆಲಸ ಯಾಕ್ರೀ ಮಾಡ್ತೀರಿ? ಅಂದ್ರು ಸಿಸ್ಟರ್. ತಪ್ಪೇನಿದೆ ಅವರು ಕೇಳಿದ್ರಲ್ಲಿ?" ಎನ್ನುತ್ತಾರೆ ಮಾವ.

ಹನ್ನೊಂದು ದಿನ ಗ್ಯಾರೇಜಿನತ್ತ ತಲೆ ಹಾಕಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದರೆ ಇವರು ಗೋಡೆ ನೋಡಿಕೊಂಡು ಕೂರುತ್ತಿದ್ದರು. ಅವರ ಹೆಂಡತಿಯನ್ನೂ ನಾನು ಮಾತಾಡಿಸಿದೆ. ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. "ಮೂರು ಹೊತ್ತೂ ಮುಖ ಸಪ್ಪೆ ಮಾಡ್ಕೊಂಡು ಕೂತಿದ್ರೆ ನಾನು ಬ್ಲೌಸ್ ಹೊಲಿಯೋದಾ, ಇವರನ್ನ ಸಮಾಧಾನ ಮಾಡೋದಾ? ರೀ, ಕಿವಿ ಹೋದ್ರೆ ಕೈ ಇಲ್ವಾ ಅಂದೆ. ಒಂದು ಹಳೆ ಪ್ಯಾನಲ್, ಬುಷ್ ತನ್ನಿ ಅಂದೆ."

ಪ್ಯಾನಲ್ಲಿನ ಕಿವಿಯ ಬುಡಕ್ಕೆ ದಾರ ಸುತ್ತಿ ಒತ್ತುವ ಉಪಾಯ ಆಕೆಯದು. ಕಿವಿ ಪೂರ್ತಿ ಇಳಿದರೆ ದಾರ ರಬ್ಬರಿಗೂ ಪ್ಯಾನಲ್ಲಿಗೂ ನಡುವೆ ಅಪ್ಪಚ್ಚಿಯಾಗಿ ಸಿಕ್ಕಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಇಳಿಯದಿದ್ದರೆ ಸಲೀಸಾಗಿ ಈಚೆ ಬರುತ್ತದೆ. ಮೊದಲು ಹೊಲಿಗೆಯ ಗಟ್ಟಿ ದಾರ ಹಾಕಿದಾಗ ದಾರದ ಜೊತೆ ಪ್ಯಾನಲ್ಲೇ ಕಿತ್ತುಬಂದು ಮಾವನ ಮಂಡಿಗೆ ಬಡಿಯಿತು. ಆಮೇಲೆ ಆಕೆ ಕಚ್ಚಾ ಹೊಲಿಗೆಯ ದಾರ ಕೊಟ್ಟರು, ಹೊಲಿದ ಮೇಲೆ ಕಿತ್ತೆಸೆಯುವ ಬಡಪಾಯಿ ದಾರ. ಅದು ಸರಿಹೋಯಿತು. ಕೆಂಪೇ ಯಾಕೆ ಎಂದರೆ, "ಕಿವಿಯಂತೂ ಆಯ್ತು, ಕಣ್ಣಿಗಾದ್ರೂ ಚೆನ್ನಾಗಿ ಕಾಣ್ಲಿ ಅಂತ," ಎಂದು ಮೆಷಿನ್ನಿನಿಂದ ತಲೆಯೆತ್ತದೆ ಹೇಳುತ್ತಾರೆ.

ಆ ದಾರದುಂಡೆ ಹಿಡಿದುಕೊಂಡು ಮಾವ ಯಜಮಾನರ ಮುಂದೆ ನಿಂತರು. ಮೂರು ತಿಂಗಳು ನೋಡೋಣ, ಇನ್ನೊಂದು ಪ್ಯಾನಲ್ ಬಿದ್ದರೆ ನೀವು ಬೈಕ್ ತೊಳೆಯುವ ಕಡೆ ಹೋಗಬೇಕು ಎಂದರು ಯಜಮಾನರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತದೆ. ಒಂದೂ ಬಿದ್ದಿಲ್ಲ. ಆದರೂ ಬೆಳಗಿನಿಂದ ಯಜಮಾನರು ತುಟಿ ಪಿಟಕ್ಕೆಂದಿಲ್ಲ, ಮಾವನೂ ಕೇಳಿಲ್ಲ. ನನಗೇ ತಡೆಯಲಾಗುತ್ತಿಲ್ಲ.

ಹೊಸ ಬುಷ್ ಹಾಕಿ, ಮೂರೂ ದಾರ ಹರಿದ ಮೇಲೆ ಪೇಪರಿನವರು ಹೊರಡುತ್ತಾರೆ. ಏಳು ಗಂಟೆಗೆ ಹಳೆಯ ಬೈಕೊಂದು ಬಂದು ನಿಲ್ಲುತ್ತದೆ. ಹೆಲ್ಮೆಟ್ ತೆಗೆದವರನ್ನು ನೋಡಿ ಮಾವ ಮಣೆಯಿಂದ ಎದ್ದೇಬಿಡುತ್ತಾರೆ. ಅದೇ ಸಿಸ್ಟರ್. ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿಯಾಗಿದೆ. ಆ ಕಡೆ ಯಜಮಾನರು ಪಾನಾ ಕೆಳಗಿಡುತ್ತಾರೆ.

"ಬಲಗಡೆ ಪ್ಯಾನಲ್ ಗಡಗಡ ಅಂತಿದೆ," ಎನ್ನುತ್ತಾರೆ ಸಿಸ್ಟರ್, ಮಾವನ ಎದುರಿಗೇ ಬಂದು, ಗಟ್ಟಿಯಾಗಿ. "ದಾರ ಹಾಕ್ತೀರಂತಲ್ಲ? ನನ್ನದಕ್ಕೂ ಹಾಕಿ."

ಮಾವ ಪ್ಯಾನಲ್ ಬಿಚ್ಚುತ್ತಾರೆ, ಬುಷ್ ಬದಲಿಸುತ್ತಾರೆ, ಸಾಬೂನು ನೀರು ಸವರುತ್ತಾರೆ, ಮೂರು ಕಿವಿಗೂ ದಾರ ಸುತ್ತುತ್ತಾರೆ. ಟಕ್. ಟಕ್. ಟಕ್. ಎರಡು ದಾರ ತಾವೇ ಎಳೆದು ಹರಿದು, ಮೂರನೆಯದರ ತುದಿಯನ್ನು ಅವರಿಗೆ ಹಿಡಿಸುತ್ತಾರೆ. "ನೀವೇ ಎಳೀರಿ ಸಿಸ್ಟರ್."

ಮುರಿದು ಕೂಡಿದ ಕೈಯಿಂದಲೇ ಸಿಸ್ಟರ್ ಎಳೆಯುತ್ತಾರೆ. ದಾರ ಹರಿಯುತ್ತದೆ. ಹರಿದ ತುಂಡನ್ನು ನೋಡಿ, "ಆಸ್ಪತ್ರೆಯವರದ್ದು ಇನ್ನೂ ನಾಲ್ಕು ಬೈಕ್ ಇವೆ. ನಾಳೆ ಕಳಿಸ್ತೀನಿ. ಇರ್ತೀರಲ್ಲ?" ಎನ್ನುತ್ತಾರೆ.

ಮಾವ ಯಜಮಾನರತ್ತ ತಿರುಗುತ್ತಾರೆ.

"ಇರದೆ ಇನ್ನೆಲ್ಲಿಗೆ ಹೋಗ್ತಾರೆ?" ಎನ್ನುತ್ತಾರೆ ಯಜಮಾನರು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಸಿಸ್ಟರ್ ಹೆಲ್ಮೆಟ್ ಹಾಕಿಕೊಳ್ಳುತ್ತ, ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಕೊನೆಗೂ ಕೇಳಿಬಿಡುತ್ತಾರೆ. "ಈಗ ಟಕ್ ಅಂತು ನೋಡಿ, ಕೇಳಿಸ್ತಾ ನಿಮಗೆ?"

"ಇಲ್ಲ ಸಿಸ್ಟರ್, ಕೇಳಿಸ್ಲಿಲ್ಲ," ಎನ್ನುತ್ತಾರೆ ಟಕ್ ಮಾವ, ಪ್ಯಾನಲ್ಲಿನ ಮೇಲೆ ಅಂಗೈ ಇಟ್ಟುಕೊಂಡೇ. "ಗೊತ್ತಾಯ್ತು."