ಗೊಂಬೆ ಮೆಟ್ಟಿಲ ಮೇಲೆ ಓರ್ನೆಲ್ಲಮ್ಮನ ಕಿರೀಟ

ಇಂಚರಾ, ಧ್ರುವಾ, ಮೊನ್ನೆ ನವರಾತ್ರಿಗೆಂದು ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ ನೋಡಿ, ಬಜೆ ಮತ್ತು ಲವಂಗದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ, ತೀರಾ ಸಣ್ಣಗೆ, ಇನ್ನೊಂದು ವಾಸನೆ: ಮುಖಕ್ಕೆ ಹಚ್ಚುವ ಪೌಡರು, ಹಳೆಯ ಬೆವರು, ಯಾವುದೋ ದೂರದ ಊರಿನ ಸೆಂಟು. ಎರಡೂ ಸೇರಿ ನನಗೆ ಸೀನು ಬಂತು. ಸೀನಿ ಮುಗಿಸುವಷ್ಟರಲ್ಲಿ ಫೋನು ಟಣ್ ಎಂದಿತು. ಕ್ಯಾರಿ ಊರಿನಿಂದ ಪದ್ಮಿನಿ ಆಂಟಿ ಫೋಟೋ ಕಳಿಸಿದ್ದಳು. ಅವಳ ಮನೆಯ ಗೊಂಬೆ ಮೆಟ್ಟಿಲಲ್ಲಿ ನಮ್ಮ ಓರ್ನೆಲ್ಲಮ್ಮನ ಕಿರೀಟ ಗಣಪತಿಯ ತಲೆ ಏರಿ, ಒಂದು ಕಿವಿ ಮುಚ್ಚಿಕೊಂಡು ವಾಲಿ ಕೂತಿತ್ತು. ಜೊತೆಗೆ ಪದ್ಮಿನಿಯ ಧ್ವನಿ: "ಆಂಟೀ, ಪಕ್ಕದ್ಮನೆ ಮಕ್ಕಳು ಇದು ಯಾವ್ ದೇವ್ರದ್ದು ಅಂತ ಕೇಳಿದ್ರು. ನಂಗೆ ಮರ್ತೇ ಹೋಯ್ತು. ಮೈಸೂರು ಮಹಾರಾಣೀದು ಅಂದ್ಬಿಟ್ಟೆ. ಓಕೆ ಅಲ್ವಾ?"

ಓಕೆ ಅಲ್ಲ. ಆದರೆ ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ ಸುಮ್ಮನಾದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ನಾನು ಹೇಳಬೇಕಾದ್ದನ್ನು ಹೇಳಲು ಧೈರ್ಯ ಕೂಡಿಸಿಕೊಳ್ಳುವ ಹೊತ್ತಿಗೆ ಎದುರಿನವರು ಮನೆಗೆ ಹೋಗಿ, ಊಟ ಮಾಡಿ ಮಲಗಿರುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಗದ ಎದ್ದು ಹೋಗುವುದಿಲ್ಲ. ಇಂಚರಾ, ನೀನು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತಷ್ಟರಲ್ಲಿ ಎಡವುತ್ತ ಓದು. ಧ್ರುವ ಕೇಳಿಸಿಕೊಳ್ಳಲಿ. ನಾನೂ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ನನ್ನಲ್ಲೂ ತಪ್ಪಿರುತ್ತದೆ. ಎಡವುವವರು ಇಬ್ಬರಾದರೆ ದಾರಿ ಬೇಸರವಾಗುವುದಿಲ್ಲ.

ತಾತ ತೀರಿಕೊಂಡ ಮೇಲೆ ನಿಮ್ಮಮ್ಮ ಸುಮಾ ನನ್ನನ್ನು ಅಮೆರಿಕದ ಆಶ್‌ಬರ್ನಿಗೆ ಕರೆತಂದಳು. ಬಂದ ಸ್ವಲ್ಪ ದಿನಕ್ಕೆ ಕೊರೋನಾ ಬಂತು. ಊರಿನವರು ಫೋನಿನಲ್ಲಿ ಮನೆಯೊಳಗೇ ಕೂತು ಹುಚ್ಚು ಹಿಡಿಯುತ್ತಿದೆ ಎಂದು ಗೋಳಾಡುತ್ತಿದ್ದರು. ನನಗೆ ಮಾತ್ರ, ನಿಜ ಹೇಳುತ್ತೇನೆ, ಹಾಯೆನಿಸಿತು. ಯಾರ ಮನೆಗೂ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ, ಮೇಲೆ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಸರ್ಕಾರವೇ ಹೇಳುತ್ತದೆ! ಸಂಕೋಚದವರಿಗೆ ಇದಕ್ಕಿಂತ ಏನು ಬೇಕು?

ನಮ್ಮದು ಸಾಲು ಮನೆ. ಅಡಿಗೆಮನೆಯ ಗೋಡೆಯ ಆಚೆಗೆ ಇನ್ನೊಬ್ಬರ ಮನೆ. ದಿನವೂ ಬೆಳಿಗ್ಗೆ ನಾನು ಕಾಫಿ ಡಿಕಾಕ್ಷನ್ ಹಾಕುವ ಹೊತ್ತಿಗೆ ಗೋಡೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಮೊದಲು ಎಮ್ಮೆ ಕರು ತುಟಿ ಪಟಪಟಿಸಿದಂತೆ, ಆಮೇಲೆ ಯಾರೋ ಬಾಯಿ ಮುಚ್ಚಿಕೊಂಡು ಅತ್ತಂತೆ. ನೀರಿನ ಪೈಪು ಕೆಟ್ಟಿದೆಯೆಂದು ನಾನು ನಿಮ್ಮಪ್ಪನಿಗೆ ಹೇಳಿದೆ. ಅವರು ಟಾರ್ಚು ಹಿಡಿದು ಸಿಂಕಿನ ಕೆಳಗೆ ಅರ್ಧ ಗಂಟೆ ಮಲಗಿದರು. ಪೈಪು ಸರಿಯಾಗೇ ಇತ್ತು. ಸದ್ದು ಪಕ್ಕದ ಮನೆಯ ಓರ್ನೆಲ್ಲಾ ಅವರದ್ದು. ಇಟಲಿಯವರು. ಎಂಬತ್ತು ದಾಟಿದ್ದರೂ ದಿನವೂ ಗಂಟಲು ಸಾಧನೆ ಬಿಟ್ಟಿರಲಿಲ್ಲ. ಹಿಂದೆ ಆಪೆರಾದಲ್ಲಿ ಹಾಡುತ್ತಿದ್ದರಂತೆ. ಆಪೆರಾ ಎಂದರೆ ನಮ್ಮ ಕಂಪನಿ ನಾಟಕದ ಹಾಗೆ. ಮಾತೆಲ್ಲ ಹಾಡು, ಹಾಡೆಲ್ಲ ಜಗಳ. ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಲು ನನಗಾಗದು, ಓರ್ನೆಲ್ಲಮ್ಮ ಎಂದೆ. ಅವರು ನನ್ನನ್ನು ಸಿನ್ಯೋರಾ, ಅವರ ಭಾಷೆಯ ಅಮ್ಮಾವ್ರೇ, ಎಂದರು. ಅಷ್ಟಕ್ಕೆ ನಿಂತುಹೋಗುತ್ತಿತ್ತು, ಆ ಕೆಂಪು ಗೌನು ಇಲ್ಲದಿದ್ದರೆ.

ಒಂದು ದಿನ ಓರ್ನೆಲ್ಲಮ್ಮ ಹಿತ್ತಿಲಿನ ಡೆಕ್ಕಿನ ಮೇಲೆ ನೆಲ ಮುಟ್ಟುವ ಮಖಮಲ್ಲಿನ ಕೆಂಪು ಗೌನನ್ನು ಕಟಕಟೆಗೆ ಹಾಕಿ ಬಡಿಯುತ್ತಿದ್ದರು. ಕಂಬಳಿ ಬಡಿದ ಹಾಗೆ! ಧೂಳಿನ ಜೊತೆ ಜರಿಯ ಚೂರುಗಳೂ ಹಾರುತ್ತಿದ್ದವು. ತೋಳಿನಲ್ಲಿ ನುಸಿ ತಿಂದ ತೂತು. ಮನುಷ್ಯರು ನರಳಿದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಲ್ಲೆ, ಜರಿ ಉದುರುವುದನ್ನು ನೋಡಲಾರೆ. ಇಂಚರಾ, ನಿನ್ನನ್ನು ದುಭಾಷಿಯಾಗಿ ಎಳೆದುಕೊಂಡು ಹೋದೆ.

"ಬಡೀಬೇಡಿ ಅನ್ನು," ಎಂದೆ.

ನೀನು ಏನು ಹೇಳಿದೆಯೋ. ಓರ್ನೆಲ್ಲಮ್ಮ ನನ್ನ ಕೈಗೇ ಗೌನು ಕೊಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತರು. ಹಾಗಾದರೆ ನೀನೇ ಮಾಡು ಎನ್ನುವ ಭಂಗಿ. ಅದಕ್ಕೆ ಭಾಷೆ ಬೇಕಿಲ್ಲ.

ಅಂದಿನಿಂದ ಶುರುವಾಯಿತು. ಜರಿಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯಲ್ಲೇ ಮುರಿಯುತ್ತದೆ. ಆಗಾಗ ನೆರಳಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ, ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿ, ಬಜೆ ಬೇರಿನ ಪೊಟ್ಟಣ ಇಡಬೇಕು. ನಮ್ಮೂರಲ್ಲಿ ಇದು ಎಲ್ಲ ಹೆಂಗಸರಿಗೂ ಗೊತ್ತು. ಓರ್ನೆಲ್ಲಮ್ಮನ ಬೇಸ್‌ಮೆಂಟಿನ ತುಂಬ ಅಂಥ ಬಟ್ಟೆಗಳು, ಕಿರೀಟ, ಬೀಸಣಿಗೆ, ಮರದ ತಲೆಯ ಮೇಲೆ ಕೂತ ಸುರುಳಿಗೂದಲಿನ ಟೋಪನ್, ಅವರ ಮುಖವಿದ್ದ ಪೋಸ್ಟರುಗಳು. ಪಂಚೆಗಳಿಗೆ ನಾನು ನನ್ನ ಪೆಟ್ಟಿಗೆ ತೆಗೆಯಬೇಕಾಯಿತು. ತಾತನವು. ಯಾರಿಗೂ ಕೊಡಲಾರದೆ ಊರಿನಿಂದ ಹೊತ್ತು ತಂದಿದ್ದೆ. ತಾತ ಬದುಕಿದ್ದಾಗ ಪರಹೆಂಗಸಿನ ಎದುರು ತಲೆಯೆತ್ತಿ ಮಾತಾಡಿದವರಲ್ಲ. ಈಗ ಅವರ ಪಂಚೆ ಇಟಲಿಯ ನಟಿಯ ಗೌನನ್ನು ಅಪ್ಪಿಕೊಂಡು ಮಲಗಿತು. ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅವರಿಗೇನೂ ಬೇಸರವಾಗಿರಲಾರದು ಎಂದೂ ಅನಿಸಿತು.

ಒಂದೊಂದು ಬಟ್ಟೆ ಮಡಿಸುವಾಗಲೂ ಓರ್ನೆಲ್ಲಮ್ಮ ಅದರ ಕತೆ ಆಡಿ ತೋರಿಸುತ್ತಿದ್ದರು. ಬಿಳಿಯದರಲ್ಲಿ ಕೆಮ್ಮಿ ಕೆಮ್ಮಿ ಸತ್ತದ್ದು. ಕೆಂಪಿನಲ್ಲಿ ಇರಿದುಕೊಂಡು ಸತ್ತದ್ದು. ಆ ತಗಡಿನ ಚೂರಿ ನಿಮಗೆ ನೆನಪಿದೆಯಲ್ಲ, ಚುಚ್ಚಿದರೆ ಅಲಗು ಹಿಡಿಯೊಳಕ್ಕೆ ಜಾರುವುದು? ಧ್ರುವ ಅದರಿಂದ ನಿಮ್ಮಪ್ಪನನ್ನು ಮೀಟಿಂಗಿನ ನಡುವೆ ಕೊಂದಿದ್ದ. ನೀಲಿಯದರಲ್ಲಿ ವಿಷ ಕುಡಿದು ಸತ್ತರೂ ಅದರ ನಂತರ ಒಂದು ದೊಡ್ಡ ಹಾಡಿತ್ತಂತೆ.

"ಸಾಯದೇ ಇರೋದು ಯಾವ್ದೂ ಇಲ್ವಾ ಕೇಳು," ಎಂದೆ.

ನೀನು ಕೇಳಿದೆ. ಅವರು ನಕ್ಕು ಏನೋ ಹೇಳಿದರು. ನೀನು ಮೂಗು ಕೆರೆದುಕೊಂಡು ಅನುವಾದಿಸಿದೆ: "ಅಜ್ಜೀ, ಶಿ ಸೇಸ್, ಸಾಯೋದು ಈಸಿ. ಆಮೇಲೆ ಎದ್ದು, ಕರ್ಟನ್ ಮುಂದೆ ಬಂದು, ನಮಸ್ಕಾರ ಮಾಡ್ಬೇಕು. ದಟ್ಸ್ ದ ಹಾರ್ಡ್ ಪಾರ್ಟ್."

ಹಸಿರು ಬಣ್ಣದ ಒಂದು ಜೊತೆ ಚಪ್ಪಲಿ ಮಾತ್ರ ಬದುಕಿದವಳದ್ದು. ತುಂಟ ಕೆಲಸದವಳ ಪಾತ್ರ. ಕೊನೆಯಲ್ಲಿ ಮದುವೆ.

ಕೊರೋನಾ ಇಳಿದ ವರ್ಷ ಶರತ್ಕಾಲದಲ್ಲಿ ಅಟ್ಲಾಂಟಾದಿಂದ ಅವರ ಅಣ್ಣನ ಮಗಳು ನಿಕೋಲ್ ಬಂದಳು. ಅತ್ತೆಯನ್ನು ತನ್ನ ಮನೆಗೆ ಕರೆದೊಯ್ಯಲು. ಓರ್ನೆಲ್ಲಮ್ಮ ಮೆಟ್ಟಿಲಲ್ಲಿ ಎರಡು ಸಲ ಜಾರಿದ್ದರು, ಒಂಟಿ ಇರುವ ಹಾಗಿರಲಿಲ್ಲ. ನಿಕೋಲ್ ಒಳ್ಳೆಯ ಹುಡುಗಿ, ಆದರೆ ಅವಳದ್ದು ಎರಡು ಕೋಣೆಯ ಅಪಾರ್ಟ್‌ಮೆಂಟು. ಸಾಮಾನಿಗೆ ಜಾಗವಿಲ್ಲ. ಕಾಲೇಜು, ಮ್ಯೂಸಿಯಂ ಎಲ್ಲ ಕಡೆ ವಿಚಾರಿಸಿದ್ದಳಂತೆ. ತೀರಾ ಹೆಸರಾದ ಗಾಯಕರದ್ದಾದರೆ ಬೇಕಂತೆ, ನಡುಮಟ್ಟದವರದ್ದು ಬೇಡವಂತೆ. ಮನೆ ಮುಂದೆ ಲಾರಿಯಷ್ಟು ದೊಡ್ಡ ಕಬ್ಬಿಣದ ಕಸದ ತೊಟ್ಟಿ, ಡಂಪ್‌ಸ್ಟರ್, ಬಂದು ಕೂತಿತು. ಓರ್ನೆಲ್ಲಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು. ಈ ಸಲ ಅಭಿನಯವಿರಲಿಲ್ಲ. ಮುಖ ಬರೀ ಮುಖವಾಗಿತ್ತು.

ನಿಕೋಲ್ ನಮ್ಮ ಪಂಚೆಯ ಗಂಟೊಂದನ್ನು ಎದೆಗೊತ್ತಿ ಹಿಡಿದು ಹೊರಗೆ ಬಂದಳು. ನನ್ನ ಕಾಲು ತಾನಾಗಿ ಅಡ್ಡ ಹೋಗಿ ನಿಂತಿತು.

"ಐ ವಾಂಟ್," ಎಂದೆ.

"ಶೂರ್! ವಿಚ್ ಒನ್?" ಎಂದಳು ನಿಕೋಲ್.

"ಆಲ್."

ಅಮೆರಿಕಕ್ಕೆ ಬಂದ ಮೇಲೆ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದೂ ಒಂದು ಲಾರಿಯಷ್ಟು. ನಿಮ್ಮಮ್ಮ ಓಡಿಬಂದಳು. "ಅಮ್ಮಾ! ಎಲ್ಲಿಡೋದಮ್ಮಾ ಇದನ್ನೆಲ್ಲಾ? ಗರಾಜಲ್ಲಿ ಕಾರೇ ಹಿಡಿಸ್ತಿಲ್ಲ."

"ಮೆಟ್ಟಿಲ ಮೇಲೆ," ಎಂದೆ.

ಅದು ಸುಳ್ಳೇನಲ್ಲ. ಮಾರನೆಯ ದಿನವೇ ನವರಾತ್ರಿ. ಎರಡು ವರ್ಷ ಯಾರನ್ನೂ ಕರೆಯದಿದ್ದವಳು ಸುಮಾ ಆ ಸಲ ಜೋರಾಗಿ ಗೊಂಬೆ ಕೂರಿಸುವೆನೆಂದು ಎಲ್ಲರನ್ನೂ ಕರೆದಿದ್ದಳು. ಪ್ಲಾಸ್ಟಿಕ್ ಡಬ್ಬಗಳನ್ನು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಏಳು ಮೆಟ್ಟಿಲು ಕಟ್ಟಿದ್ದಳು. ಆದರೆ ಊರಿನಿಂದ ತರಿಸಿದ ಗೊಂಬೆಗಳ ಪೆಟ್ಟಿಗೆ ಬಿಚ್ಚಿದರೆ ದಾರಿಯಲ್ಲೇ ಒಡೆದು ಒಳಗೆ ಬರೀ ಮಣ್ಣು. ನನ್ನ ಮದುವೆಗೆ ತವರಿನವರು ಕೊಟ್ಟ ಮರದ ಪಟ್ಟದ ಗೊಂಬೆ, ಆ ರಾಜ ರಾಣಿ, ಇಬ್ಬರೇ ಉಳಿದಿದ್ದರು. ಏಳು ಮೆಟ್ಟಿಲಿಗೆ ಇಬ್ಬರು.

"ಅಲ್ಲಾ ಸುಮಾ, ಸತ್ತವರ ಬಟ್ಟೆ ಹಬ್ಬಕ್ಕೆ ಇಡಬಹುದಾ?" ಎಂದು ನನಗೇ ಅನುಮಾನ ಬಂತು.

"ಮಹಿಷಾಸುರನೂ ಸಾಯ್ತಾನೇ ಇರೋದು ಗೊಂಬೇಲಿ," ಎಂದಳು ಸುಮಾ, ಆಗಲೇ ಟೋಪನ್ನಿನ ತಲೆಯನ್ನು ಮೂರನೆಯ ಮೆಟ್ಟಿಲಿಗೆ ಏರಿಸುತ್ತ.

ಎಂಥ ಗೊಂಬೆ ಅದು! ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಅವರ ನಡುವೆ ಅವರಿಗಿಂತ ದೊಡ್ಡ ಕಿರೀಟ. ಕೆಳಗೆ ಬೀಸಣಿಗೆ, ಹಸಿರು ಚಪ್ಪಲಿ, ಚೂರಿ. ಕೆಂಪು ಗೌನು ಪಕ್ಕದಲ್ಲಿ ತಲೆಯಿಲ್ಲದ ಚಾಮುಂಡಿಯಂತೆ ನಿಂತಿತ್ತು. ಹಿಂದಿನ ಗೋಡೆಯ ತುಂಬ ಪೋಸ್ಟರಿನ ಓರ್ನೆಲ್ಲಮ್ಮ, ಹುಬ್ಬು ಹಾರಿಸಿ. ಬಂದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು "ಅಯ್ಯಯ್ಯೋ" ಎಂದರು, ಆಮೇಲೆ ಫೋಟೋ ತೆಗೆದುಕೊಂಡರು. ಮಂಗಳೂರಿನ ಕಡೆಯ ಗ್ರೇಸಿ ಪೋಸ್ಟರಿಗೆ ಶಿಲುಬೆ ಗುರುತು ಮಾಡಿಕೊಂಡು, "ಇವ್ರು ಯಾವ ಸಂತ ಮಾರಾಯ್ರೆ?" ಎಂದಳು. ಸೋಫಾದಲ್ಲಿ ಕೂತಿದ್ದ ಜೀವಂತ ಸಂತರು ಚಕ್ಕುಲಿ ಮುರಿಯುತ್ತಿದ್ದರು.

ಇದನ್ನೆಲ್ಲ ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ತಾತ ಹೋದ ಮೇಲೆ ಗೊಂಬೆ ಆರತಿಗೆ ನಾನು ಹೊರಗೆ ಬರುತ್ತಿರಲಿಲ್ಲ. ಯಾರೂ ಬೇಡವೆಂದವರಲ್ಲ. ಸುಮಾ ಜಗಳವನ್ನೇ ಆಡಿದ್ದಳು. ಆದರೂ ನಮ್ಮೂರಲ್ಲಿ ಗಂಡ ಸತ್ತವರು ಒಳಗೇ ನಿಂತು ಉಸಲಿಗೆ ಒಗ್ಗರಣೆ ಹಾಕುವುದನ್ನು ನೋಡಿ ಬೆಳೆದವಳು. ಸಂಕೋಚದವರಿಗೆ ಅದೂ ಒಂದು ಅನುಕೂಲವೇ. ಒಗ್ಗರಣೆಗೆ ಮುಖ ತೋರಿಸಬೇಕಿಲ್ಲ.

ಗೊಂಬೆ ನೋಡಲು ಬಂದವರು ಒಂದು ಹಾಡು ಹೇಳಬೇಕು ಎನ್ನುವುದು ಪದ್ಧತಿ. ಆಗ ಇಲ್ಲೇ ಇದ್ದ ಪದ್ಮಿನಿ ಒಂದು ಹೇಳಿದಳು, ಗ್ರೇಸಿ ಚರ್ಚಿನದೊಂದು ಹೇಳಿದಳು. ಆಮೇಲೆ, ಯಾರನ್ನೂ ಬಿಡದ ಪದ್ಮಿನಿ, "ಆಂಟೀ, ನೀವೊಂದು ಹೇಳಿ. ನಾಚ್ಕೋಬೇಡಿ, ಭಜನೆ ಆದ್ರೂ ಪರ್ವಾಗಿಲ್ಲ," ಎಂದು ಓರ್ನೆಲ್ಲಮ್ಮನಿಗೆ ಗಂಟುಬಿದ್ದಳು.

ಓರ್ನೆಲ್ಲಮ್ಮ ಎದ್ದರು. ಕೈ ಕಟ್ಟಿದರು. ಸುತ್ತ ನೋಡಿದರು. ಏನೋ ಕೇಳಿದರು. ಇಂಚರಾ, ನೀನು ಅಡಿಗೆಮನೆಗೆ ಓಡಿಬಂದೆ.

"ಅಜ್ಜೀ, ಶಿ ಸೇಸ್ ನೀನು ಬರ್ಬೇಕು. ಕಿಚನ್‌ಗೆ ಎಲ್ಲ ಶಿ ಡಸಂಟ್ ಸಿಂಗ್."

"ಒಗ್ಗರಣೆ ಇದೆ ಅನ್ನು."

ನೀನು ಹೋದೆ, ಮತ್ತೆ ಬಂದೆ. "ಅಜ್ಜೀ, ಶಿ ಸೇಸ್, ತಾತ ಸತ್ತು ಹೋದ್ರು, ದಟ್ಸ್ ವೆರಿ ಸ್ಯಾಡ್. ಬಟ್ ನೀನೂ ಸತ್ತಿರೋ ತರ ಆಕ್ಟಿಂಗ್ ಮಾಡ್ತಿದ್ದೀಯ. ಟೂ ಲಾಂಗ್ ಅಂತೆ. ಸಾಕಂತೆ. ಗೆಟ್ ಅಪ್ ಅಂತೆ."

ಹೊರಗೆ ಎಲ್ಲರೂ ಕೇಳಿಸಿಕೊಂಡರು. ಬಾಣಲೆಯಲ್ಲಿ ಸಾಸಿವೆ ಚಟಪಟ ಎನ್ನುತ್ತಿತ್ತು. ನಾನು ಸ್ಟವ್ ಆರಿಸಿದೆ ಎಂದುಕೊಂಡೆ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ. ಪದ್ಮಿನಿ ಸರಿದು ಮುಂದಿನ ಸಾಲಿನಲ್ಲಿ ಜಾಗ ಮಾಡಿದಳು. ಸುಮಾ ಬೇರೆ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡಳು.

ಓರ್ನೆಲ್ಲಮ್ಮ ಹಾಡಿದರು. ಮೊದಲು ಧ್ವನಿ ಒಡೆಯಿತು, ತುಕ್ಕು ಹಿಡಿದ ಗೇಟಿನಂತೆ. ಆಮೇಲೆ ಅದೆಲ್ಲಿಂದ ಬಂತೋ, ಕಿಟಕಿಯ ಗಾಜು ನಡುಗಿತು. ಪುಟ್ಟ ಮಗುವೊಂದು ಅತ್ತಿತು. ಟೋಪನ್ನಿನ ತಲೆ ಮೆಟ್ಟಿಲಿನಿಂದ ಉರುಳಿತು. ಅವರು ಕೊನೆಯ ಸ್ವರ ಏರಿಸಿ ಹಿಡಿದು ನಿಂತಾಗ, ಸೂರು ಹಾರಿಹೋಗುವಂತೆ ಸ್ಮೋಕ್ ಅಲಾರಂ ಕೂಗಿಕೊಂಡಿತು. ನಾನು ಸ್ಟವ್ ಆರಿಸಿರಲಿಲ್ಲ. ನಿಮ್ಮಪ್ಪ ಟವೆಲ್ ಬೀಸುತ್ತಿದ್ದರು, ಬಾಗಿಲು ಕಿಟಕಿ ಎಲ್ಲ ತೆಗೆದರು. ಅಲಾರಂ ನಿಲ್ಲುವವರೆಗೂ ಓರ್ನೆಲ್ಲಮ್ಮ ಸ್ವರ ಬಿಡಲಿಲ್ಲ. ಗೆದ್ದವರು ಅವರೇ. ಆಮೇಲೆ ಒಂದು ಕಾಲು ಹಿಂದಿಟ್ಟು, ಕೈ ಎದೆಗಿಟ್ಟು, ನೆಲದವರೆಗೆ ಬಾಗಿದರು. ಮೇಲೇಳಲು ನಿಕೋಲ್ ಮತ್ತು ಗ್ರೇಸಿ ಹಿಡಿಯಬೇಕಾಯಿತು.

ಹಬ್ಬ ಮುಗಿದು ಗೊಂಬೆ ಎತ್ತುವ ದಿನ ಮತ್ತೆ ಅದೇ ಪ್ರಶ್ನೆ: ಎಲ್ಲಿಡುವುದು? ನಮ್ಮ ಕಪಾಟಿನಲ್ಲಿ ಒಂದೇ ಪೆಟ್ಟಿಗೆಗೆ ಜಾಗ. ಪದ್ಮಿನಿಯೇ ದಾರಿ ತೋರಿದಳು. "ನಂಗೊಂದು ಕೊಡಿ ಆಂಟಿ. ಗೊಂಬೆ ತರ ಇಟ್ಕೋತೀನಿ." ಓರ್ನೆಲ್ಲಮ್ಮ ಅನುಮಾನದಿಂದ ಕೇಳಿದರು, ಆಮೇಲೆ ಎಸೆಯುವುದಿಲ್ಲ ತಾನೆ? "ಗೊಂಬೇನ ಯಾರಾದ್ರೂ ಎಸೀತಾರಾ? ನಮ್ಮತ್ತೆ ಕೊಟ್ಟಿರೋ ಮೂಗಿಲ್ಲದ ಚೆಟ್ಟಿಯಾರ್ ಗೊಂಬೇನ ಎಸೆಯೋಕೇ ಮದ್ವೆ ಆದಾಗಿಂದ ಟ್ರೈ ಮಾಡ್ತಿದ್ದೀನಿ. ಆಗಿಲ್ಲ!"

ಹೀಗೆ ಅವರ ಬದುಕು ನಮ್ಮವರ ಮನೆಗಳಿಗೆ ಹಂಚಿಹೋಯಿತು. ಕಿರೀಟ ಪದ್ಮಿನಿಯ ಜೊತೆ ಕ್ಯಾರಿಗೆ ಹೋಯಿತು, ಅವಳ ಯಜಮಾನರಿಗೆ ಅಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸವಾದಾಗ. ಬೀಸಣಿಗೆ, ಚೂರಿ ಗ್ರೇಸಿಯ ಹತ್ತಿರ. ಅವಳು ಕ್ರಿಸ್‌ಮಸ್ಸಿನ ಗೋದಲಿಯಲ್ಲಿ ಬೀಸಣಿಗೆ ಇಡುತ್ತಾಳೆ, ಚೂರಿ ಇಡುವುದಿಲ್ಲ. ಕೆಂಪು ಗೌನನ್ನು ತಾತನ ಪಂಚೆಯ ಸಮೇತ ನಿಕೋಲ್ ತಾನೇ ಇಟ್ಟುಕೊಂಡಳು. ಎರಡು ಕೋಣೆಯಲ್ಲೂ ಹೇಗೋ ಜಾಗವಾಯಿತು. ಉಳಿದವು ಬೇರೆ ಬೇರೆ ಮನೆಗಳಲ್ಲಿ. ಹಸಿರು ಚಪ್ಪಲಿ ನಮ್ಮಲ್ಲಿ.

ಪ್ರತಿ ನವರಾತ್ರಿಗೂ ಓರ್ನೆಲ್ಲಮ್ಮ ಅಟ್ಲಾಂಟಾದಿಂದ ವಿಡಿಯೋದಲ್ಲಿ ಬಂದು ಎಲ್ಲರ ಮೆಟ್ಟಿಲನ್ನೂ ತಪಾಸಣೆ ಮಾಡುತ್ತಿದ್ದರು. ಕಿರೀಟ ವಾಲಿದರೆ ಬೈಯುತ್ತಿದ್ದರು. ಈ ವರ್ಷ ವಾಲಿದೆ. ಬೈಯಲು ಅವರಿಲ್ಲ. ಚಳಿಗಾಲದಲ್ಲಿ ಹೋದರು, ನಿದ್ದೆಯಲ್ಲಿ, ಹಾಡಿಲ್ಲದೆ. ನಿಕೋಲ್ ಫೋನು ಮಾಡಿದಾಗ ನಾನು, ನಗಬೇಡಿ, ಸ್ವಲ್ಪ ಹೊತ್ತು ಕಾದೆ. ಈಗ ಎದ್ದು ಬಂದು ಬಾಗುತ್ತಾರೇನೋ ಎಂದು.

ಇಷ್ಟು ಬರೆದ ಮೇಲೆ ಧೈರ್ಯ ಬಂತು. ಪದ್ಮಿನಿಗೆ ನಾನೇ ಫೋನು ಮಾಡಿದೆ. ಹೂವಿನ ಚಿತ್ರವಲ್ಲ, ಮಾತೇ. "ಪದ್ಮಿನೀ, ಅದು ಮೈಸೂರು ಮಹಾರಾಣೀದಲ್ಲ. ಓರ್ನೆಲ್ಲಮ್ಮಂದು. ಗಣಪತಿ ತಲೆಯಿಂದ ತೆಗೆದು ನೆಟ್ಟಗೆ ಇಡು. ಆ ಮಕ್ಕಳನ್ನ ಕರಿ, ನಾನೇ ಹೇಳ್ತೀನಿ." ಕರೆದಳು. ನನಗೆ ಗೊತ್ತಿದ್ದ ಎರಡು ಇಂಗ್ಲಿಷ್ ಮಾತು, ಉಳಿದದ್ದು ಕೈಸನ್ನೆ. ಕೆಮ್ಮಿ ತೋರಿಸಿದೆ, ಇರಿದುಕೊಂಡು ತೋರಿಸಿದೆ. ಆ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಿಂದ ಎದ್ದು, ಮಂಡಿ ನೋವಿದ್ದಷ್ಟರಲ್ಲಿ, ಬಾಗಿದೆ.

ಮಕ್ಕಳೇ, ಈ ಹಾಳೆಗಳನ್ನು ನಾಲ್ಕಾಗಿ ಮಡಿಸಿ ಹಸಿರು ಚಪ್ಪಲಿಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ, ತಾತನ ಕೊನೆಯ ಪಂಚೆಯೊಳಗೆ. ಜೋಪಾನ ಮಾಡಿ. ವರ್ಷಕ್ಕೊಮ್ಮೆ ತೆಗೆದು ಗಾಳಿಗೆ ಹರವಿ, ಓದಿ. ಮತ್ತೆ ಇಡುವಾಗ ಮಾತ್ರ ಹಳೆಯ ಮಡಿಕೆಯಲ್ಲೇ ಮಡಿಸಬೇಡಿ.