ಚೌಳು ನೆಲದಿಂದ ಅಂಕಲೇಶ್ವರಕ್ಕೆ

ಅಂಕಲೇಶ್ವರದಲ್ಲಿ ಬಾಡಿಗೆ ಮನೆ ನೋಡಲು ಹೋದ ಮೊದಲ ದಿನ, ಬಾಗಿಲು ತೆಗೆದ ಹೆಂಗಸು ಹೆಸರು ಕೇಳಿದಳು. ಹೇಳಿದೆ. ಆಮೇಲೆ ‘ಅಟಕ್?’ ಎಂದಳು. ಗುಜರಾತಿಯಲ್ಲಿ ಅಟಕ್ ಎಂದರೆ ಮನೆತನದ ಹೆಸರು. ಊರಿನದೊಂದು, ಅಪ್ಪನದೊಂದು ಅಕ್ಷರ ಹೆಸರಿನ ಮುಂದೆ ಹಾಕಿಕೊಂಡು ಬೆಳೆದ ನನಗೆ ಅಂಥದ್ದಿಲ್ಲ ಎಂದೆ. ಅವಳು ನಂಬಲಿಲ್ಲ. ನನ್ನ ಮೊಬೈಲಿನ ಬೆನ್ನಿಗೆ ಅಂಟಿಸಿದ್ದ ಬುದ್ಧನ ಚಿತ್ರದ ಮೇಲೆ ಅವಳ ಕಣ್ಣು ಬಿತ್ತು. ಮನೆ ಆಗಲೇ ಬೇರೆಯವರಿಗೆ ಹೋಯಿತು ಎಂದು ಬಾಗಿಲು ಹಾಕಿಕೊಂಡಳು. ಬಾಡಿಗೆಗಿದೆ ಎಂಬ ಬೋರ್ಡು ಎಷ್ಟೋ ದಿನ ಅಲ್ಲೇ ತೂಗಾಡುತ್ತಿತ್ತು.

ಊರಲ್ಲಿ ಕೂತು ಇದನ್ನು ಓದುವ ನೀವು ಗುಜರಾತಿನವರನ್ನು ಬೈಯುವುದೇನೂ ಬೇಡ. ನಮ್ಮೂರ ಕಡೆ, ಹಳೇಬೀಡಿನ ಸುತ್ತ, ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ, ಯಾವ ಬೀದಿಯವಳು ಎಂದು ಎಲ್ಲರಿಗೂ ಮೊದಲೇ ಗೊತ್ತು. ಅಷ್ಟೇ ವ್ಯತ್ಯಾಸ.

ಕೊನೆಗೆ ಮನೆ ಕೊಟ್ಟವರು ನಾನು ಕೆಲಸಕ್ಕೆ ಸೇರಿದ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಮಂಜುಳಾಬೆನ್. ‘ಬೆನ್’ ಎಂದರೆ ಅಕ್ಕ. ಅವರ ಮನೆಯ ಮೇಲೊಂದು ಕೋಣೆ. ಕಿಟಕಿ ತೆಗೆದರೆ ಬಣ್ಣದ ಕಾರ್ಖಾನೆಯ ಘಾಟು. ಇಲ್ಲಿನ ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ, ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರಾಗಿಹಿಟ್ಟು ಸಿಗದೆ ಸಜ್ಜೆಹಿಟ್ಟಿನಲ್ಲಿ ಮುದ್ದೆ ಮಾಡಲು ಹೋಗಿ ಗಂಟುಗಂಟು ಅಂಬಲಿ ಮಾಡಿಟ್ಟೆ. ಮಂಜುಳಾಬೆನ್ ನಕ್ಕು, ಅದೇ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ದಪ್ಪನೆಯ ರೊಟ್ಟಿ ಬೇಯಿಸಿದರು. ಅದಕ್ಕೆ ರೋಟ್ಲೊ ಎನ್ನುತ್ತಾರೆ. ಅವ್ವ ಕಟ್ಟಿಕೊಟ್ಟಿದ್ದ ಹುರುಳಿ ಚಟ್ನಿಪುಡಿ ಹಚ್ಚಿಕೊಂಡು ಅವತ್ತು ಹೊಟ್ಟೆ ತುಂಬ ತಿಂದೆ.

ನಾನಿರುವ ಕಂಪನಿ ಕಿಣ್ವ ತಯಾರಿಸುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ರಕ್ತದ, ಹಾಲಿನ ಕಲೆಗಳನ್ನು ಕರಗಿಸುವುದು ಈ ಕಿಣ್ವವೇ. ಸೋಪಿನ ಕ್ಷಾರ, ಕುದಿಯುವಂಥ ನೀರು, ಎರಡನ್ನೂ ತಡೆದುಕೊಳ್ಳುವ ಕಿಣ್ವ ಬೇಕೆಂದರೆ ಅಂಥದ್ದೇ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಹುಡುಕಬೇಕು. ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುವವರು, ಅಂಥ ಮಣ್ಣು ಎಲ್ಲಿದೆ ಎಂದು ಕೇಳಿದಾಗ ನಮ್ಮ ಹೊಲದಲ್ಲೇ ಇದೆ ಎಂದೆ.

ರಜೆಯಲ್ಲಿ ಸೂರತ್‌ನಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದು, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆ. ನಮ್ಮದು ಕ್ಷಾರ ತುಂಬಿದ ಚೌಳು ನೆಲ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗುತ್ತದೆ, ರಾಗಿ ಪೈರು ಮೊಳಕಾಲುದ್ದ ಬರುವ ಮೊದಲೇ ಹಳದಿಯಾಗುತ್ತದೆ. ತಾತ ಸರ್ಕಾರಿ ಭೂಮಿಗೆ ದರಖಾಸ್ತು ಹಾಕಿದಾಗ ಒಳ್ಳೆಯ ನೆಲವೆಲ್ಲ ಬೇರೆಯವರಿಗೆ ಹೋಗಿ, ನಮ್ಮ ಪಾಲಿಗೆ ಇದು ಬಂತು. ಅಪ್ಪ ಗುದ್ದಲಿಯಿಂದ ಅಗೆದು ಚೀಲಕ್ಕೆ ಮಣ್ಣು ತುಂಬುತ್ತ, “ಏನೂ ಬೆಳೀದೇ ಇರೋದ್ರಲ್ಲಿ ಏನ್ ಹುಡುಕ್ತೀಯವ್ವ?” ಎಂದರು. ಬೆಳೆಯುವುದು ಕಣ್ಣಿಗೆ ಕಾಣುವುದಿಲ್ಲ ಎಂದೆ.

ಲ್ಯಾಬಿನಲ್ಲಿ ಆ ಮಣ್ಣನ್ನು ನೀರಿನಲ್ಲಿ ಕದಡಿ ಕಾಯಿಸಿದೆ. ಮಿಕ್ಕ ಬ್ಯಾಕ್ಟೀರಿಯಾಗಳೆಲ್ಲ ಸತ್ತು, ಬಿಸಿ ತಡೆಯುವವು ಮಾತ್ರ ಉಳಿದವು. ಹಾಲು, ಸೋಡಾ ಬೆರೆಸಿದ ತಟ್ಟೆಯಲ್ಲಿ ಅವನ್ನು ಬೆಳೆಸಿದಾಗ, ಒಂದು ಚುಕ್ಕಿಯ ಸುತ್ತ ಹಾಲಿನ ಬಿಳುಪು ಕರಗಿ ತಿಳಿಯಾಗಿತ್ತು. ಕಿಣ್ವ ಅಲ್ಲಿ ಕೆಲಸ ಮಾಡಿತ್ತು. ಮಂಜುಳಾಬೆನ್‌ರನ್ನು ಕರೆದು ತೋರಿಸಿದೆ, ಅಪ್ಪನಿಗೆ ಫೋನ್ ಮಾಡಿದೆ.

ಮುಂದೆ ಅದೇ ಬ್ಯಾಕ್ಟೀರಿಯಾ ದೊಡ್ಡ ಟ್ಯಾಂಕುಗಳಲ್ಲಿ ಬೆಳೆಯತೊಡಗಿತು. ಕೊಳ್ಳುವ ಕಂಪನಿಯವರು ಬಂದ ದಿನ, ಇದು ದಕ್ಷಿಣದ ಒಂದು ಬಂಜರಿನಲ್ಲಿ, ಯಾರಿಗೂ ಬೇಡದ ನೆಲದಲ್ಲಿ ಸಿಕ್ಕಿದ್ದು ಎಂದು ಸರ್ ಹೇಳಿದರು.  ಎದ್ದು ನಿಂತು, “ಅದು ಬಂಜರಲ್ಲ ಸರ್, ನಮ್ಮಪ್ಪನ ಹೊಲ. ಅವರ ಹೆಸರು ಕರಿಯಯ್ಯ,” ಎಂದೆ. ಬಂದವರು ಟೀ ಕಪ್ಪು ನೋಡುತ್ತ ಕೂತರು. ಬ್ಯಾಕ್ಟೀರಿಯಾಕ್ಕೆ ಅಪ್ಪ ಅಮ್ಮ ಇರುವುದಿಲ್ಲ ಎಂದು ಸರ್ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಅಂದಿನಿಂದ ನನ್ನನ್ನು ಇಂಥ ಸಭೆಗೆ ಕರೆಯಲಿಲ್ಲ. ಇನ್ನಷ್ಟು ಮಣ್ಣು ತರಲು ಹೇಳಿದಾಗ, ಅಪ್ಪನ ಹೆಸರು ಹೇಳುವುದಾದರೆ ತರುತ್ತೇನೆ ಎಂದೆ. ಸರ್ ಫೈಲು ಮುಚ್ಚಿ ಎದ್ದು ಹೋದರು.

ಕೆಲಸ ಬಿಡಬಹುದಿತ್ತು. ಬಿಟ್ಟು ಎಲ್ಲಿಗೆ ಹೋಗಲಿ? ಅರಸೀಕೆರೆಯಿಂದ ಬೇಲೂರಿನವರೆಗೆ ನನ್ನ ಓದಿಗೆ ಕೆಲಸ ಕೊಡುವ ಒಂದು ಲ್ಯಾಬೂ ಇಲ್ಲ. ಆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ಇವತ್ತಿಗೂ ಗೊತ್ತಿಲ್ಲ.

ಕಳೆದ ವಾರ ಅಪ್ಪ ಫೋನ್ ಮಾಡಿದರು. ನಮ್ಮ ಕಂಪನಿಯ ಹೆಸರು ಹೇಳಿಕೊಂಡು ಹೊಲಕ್ಕೆ ಜೀಪು ಬಂದಿತ್ತಂತೆ. ಇಳಿದವರು ಯಾರನ್ನೂ ಕೇಳದೆ ಮಣ್ಣು ಅಗೆಯಲು ಶುರು ಮಾಡಿದರಂತೆ. ಅಪ್ಪ ಚೀಲ ಕಸಿದು, ತುಂಬಿದ್ದನ್ನು ಅಲ್ಲೇ ಸುರಿದು ಅವರನ್ನು ಕಳಿಸಿದ್ದಾರೆ. 

“ನಿಮ್ಮೋರಿಗೆ ಒಂದ್ ಮಾತು ಕೇಳ್ಬೇಕು ಅನ್ನೋದೂ ಗೊತ್ತಿಲ್ವೇನವ್ವ?”

ಮಾರನೆಯ ಬೆಳಿಗ್ಗೆ ಸರ್ ನನ್ನನ್ನು ಕೋಣೆಗೆ ಕರೆಸಿದರು. ತಲೆಯೆತ್ತದೆ, “ನಿಮ್ಮವರು ಒಂದು ಹಿಡಿ ಮಣ್ಣು ಕೊಡಲಿಲ್ಲವಂತೆ,” ಎಂದರು.