ಗಾಲಿಯ ದನಿ ಕೇಳುವ ಅವ್ರಮ್

ಬುಕಾರೆಸ್ಟಿನಿಂದ ವಿಯೆನ್ನಾಕ್ಕೆ ಹೋಗುವ ರೈಲು ಗಡಿಯ ಕುರ್ತಿಚ್ ನಿಲ್ದಾಣದಲ್ಲಿ ನಿಂತಿದೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ ಜನ ಮುಸುಕೆಳೆದು ಮಲಗಿದ್ದಾರೆ. ಹೊರಗೆ ಜಲ್ಲಿಯ ಮೇಲೆ ಅವ್ರಮ್ ತ್ರಿಫಾ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಗಾಲಿಯನ್ನು ತಟ್ಟಿ, ತಲೆ ಓರೆ ಮಾಡಿ ಕೇಳುತ್ತಾ ಸಾಗುತ್ತಾರೆ.

"ಏನ್ ಡಾಕ್ಟ್ರೇ, ನಾಡಿ ಸಿಕ್ತಾ?" ಎಂಜಿನ್ ಚಾಲಕ ಸಾಬಿನ್ ಕಿಟಕಿಯಿಂದ ರೇಗಿಸುತ್ತಾನೆ.

"ಬಾಯ್ಮುಚ್ಕೊಂಡಿರೋ ಮಾರಾಯ. ನೀನ್ ಮಾತಾಡಿದ್ರೆ ಗಾಲಿ ಮಾತಾಡಲ್ಲ."

ಸಾಬಿನ್ ತಲೆ ಒಳಗೆಳೆದುಕೊಳ್ಳುತ್ತಾನೆ. ಅವ್ರಮ್ ಸುತ್ತಿಗೆ ಎತ್ತಿದರೆ ಪಾಸ್‌ಪೋರ್ಟ್ ನೋಡುವ ಪೊಲೀಸರೂ ದನಿ ತಗ್ಗಿಸುವುದು ಇಲ್ಲಿಯ ರೂಢಿ. ಗಟ್ಟಿ ಗಾಲಿ ಟಣ್ ಎನ್ನುತ್ತದೆ, ಸೀಳಿದ್ದು ಒಡಕು ಮಡಕೆಯಂತೆ ದೊಬ್ ಎನ್ನುತ್ತದೆ. ಅವರ ಕಸುಬೆಲ್ಲ ಇಷ್ಟೇ. ಈ ಶನಿವಾರ ಅದು ಮುಗಿಯುತ್ತದೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಕೆಲಸ ಬಿಡಿಸಿದವರು ಬೇರೆ ಯಾರೂ ಅಲ್ಲ, ಅವರೇ.

ಒಂದು ಬೋಗಿಗೆ ಎಂಟು ಗಾಲಿ. ಪಾಳಿಗೆ ಆರು ರೈಲು. ಹೆಚ್ಚುಕಡಿಮೆ ನಾನೂರು ಪೆಟ್ಟು, ಮಂಜು ಬೀಳಲಿ, ಬಿಸಿಲು ಸುಡಲಿ. ಸೇರಿದ ಹೊಸದರಲ್ಲಿ ಬ್ರೇಕ್ ಬಿಡಿಸದೆಯೇ ಗಾಲಿ ತಟ್ಟಿದ್ದರು. ಬ್ರೇಕು ಕಚ್ಚಿಕೊಂಡ ಗಾಲಿ ಎಷ್ಟೇ ಗಟ್ಟಿಯಿದ್ದರೂ ದೊಬ್ ಎನ್ನುತ್ತದೆ. ಒಂದು ಬೋಗಿಯ ಜನರನ್ನೆಲ್ಲ ಹಿಮದಲ್ಲಿ ಕೆಳಗಿಳಿಸಿ ಬೈಸಿಕೊಂಡದ್ದನ್ನು ಅವರೇ ಹೇಳಿ ನಗುತ್ತಾರೆ. ಆಮೇಲಿನ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಹನ್ನೊಂದು ಸೀಳು ಗಾಲಿ ಹಿಡಿದಿದ್ದಾರೆ. ಆ ಪ್ರಯಾಣಿಕರಿಗೆ ನೆನಪಿರುವುದು ರೈಲು ತಡವಾದದ್ದಷ್ಟೇ. ನಮ್ಮ ಜನವೇ ಹಾಗೆ, ಬದುಕಿಸಿದವನ ಮೇಲೂ ಗೊಣಗುತ್ತಾರೆ.

ಹನ್ನೆರಡನೆಯದು ಕಳೆದ ತಿಂಗಳು ತಪ್ಪಿಹೋಯಿತು. ಮುಂದಿನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ದಾರಿಯಲ್ಲಿ ಸೀಳಿರಬೇಕೆಂದು ಮೇಲಿನವರು ಬರೆದು ಮುಗಿಸಿದರು. ಅವ್ರಮ್‌ಗೆ ನಿದ್ದೆ ಹತ್ತಲಿಲ್ಲ. ಮರುದಿನ ಊಟಕ್ಕೆ ಕೂತಾಗ ಎಡಗಿವಿಗೆ ಬೆರಳಿಟ್ಟುಕೊಂಡು, ಬಲಗಿವಿಯ ಹಿಂದೆ ನಿಂತು ಗಾಜಿನ ಲೋಟ ತಟ್ಟುವಂತೆ ಹೆಂಡತಿ ವೆತುರಿಯಾಗೆ ಹೇಳಿದರು.

"ಹೂಂ, ಶುರು ಮಾಡು."

"ಅಯ್ಯೋ ದೇವ್ರೇ! ಆಗ್ಲೇ ಮೂರ್ ಸಲ ತಟ್ಟಾಯ್ತಲ್ರೀ."

ಹಂದಿಕೊಬ್ಬು ಸವರಿದ ರೊಟ್ಟಿ, ಈರುಳ್ಳಿ ತಟ್ಟೆಯಲ್ಲೇ ಉಳಿಯಿತು. "ಯಾರಿಗೂ ಹೇಳ್ಬೇಡಿ. ಎರಡೇ ವರ್ಷ, ಇನ್ನೊಂದ್ ಕಿವಿ ಇದೆಯಲ್ಲ," ಎಂದು ವೆತುರಿಯಾ ಕೈ ಹಿಡಿದು ಬೇಡಿಕೊಂಡರು. ಅವ್ರಮ್ ಎದ್ದು ಹೋಗಿ ತಮ್ಮ ಮೇಲೆ ತಾವೇ ವರದಿ ಬರೆದುಕೊಟ್ಟರು. ಬದಲಿಯವನು ಬರುವ ಈ ಶನಿವಾರದವರೆಗೆ ಅವರು ತಟ್ಟಿದ ಗಾಲಿಗಳನ್ನು ಇನ್ನೊಬ್ಬ ಮತ್ತೆ ತಟ್ಟಿ ನೋಡುತ್ತಾನೆ.

ಬರುವ ಸೋಮವಾರದಿಂದ ಅವರು ಉಗ್ರಾಣದಲ್ಲಿ ದೀಪ, ಕೈಗವಸು ಹಂಚುತ್ತಾರೆ. ಸಂಬಳ ಕಡಿಮೆ. ವೆತುರಿಯಾ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಬೇಜಾರಿಲ್ಲವೇ ಎಂದರೆ ಹೊರಟ ರೈಲಿನ ಕಡೆ ನೋಡುತ್ತಾರೆ. ಕಣ್ಣು ತುಂಬಿದೆ.

"ಬೇಜಾರಿಲ್ದೆ ಏನು? ಆದ್ರೆ ದೊಬ್ ಅಂತ ಗೊತ್ತಾದ್ಮೇಲೆ ಯಾವ ಗಾಲಿನೂ ನಾನು ಮುಂದಕ್ಕೆ ಬಿಟ್ಟೋನಲ್ಲ. ನನ್ ಕಿವಿ ಅಂತ ಬಿಟ್ಬಿಡ್ಲಾ?"